ಗೆಳೆಯನ ಮೊಬೈಲಿಗೆ ಬರುವ ಓಟಿಪಿ

ಹಳೇ ಹುಬ್ಬಳ್ಳಿಯ ನನ್ನ ಅಂಗಡಿಯಲ್ಲಿ ಆದಾಯ ತೆರಿಗೆಯ ರಿಟರ್ನ್ ತುಂಬಿಕೊಡುತ್ತೇನೆ. ರಿಟೈರ್ ಆದ ಮಾಸ್ತರೊಬ್ಬರು ಕಳೆದ ಜುಲೈನಲ್ಲಿ ಬಂದರು. ಎಲ್ಲ ತುಂಬಿ ಓಟಿಪಿ ಕೇಳಿದೆ. ಅವರ ಮುಖ ಸಣ್ಣದಾಯಿತು.

"ಅದು ನನ್ನ ಗೆಳೆಯನ ಮೊಬೈಲಿಗೆ ಬರತೈತ್ರಿ. ನನ್ನ ಹತ್ರ ಫೋನ್ ಇಲ್ಲದಾಗ ಅವನ ನಂಬರ್ ಕೊಟ್ಟಿದ್ದೆ. ಎಲೆಕ್ಷನ್‌ದಾಗ ಜಗಳಾಡಿ ಮಾತು ಬಿಟ್ಟೇವಿ."

ಬೇರೆ ದಾರಿಯಿರಲಿಲ್ಲ. ಫೋನ್ ಹಚ್ಚಿದರು.

"ಪೆನ್ಶನ್ನಿಗೂ ತೆರಿಗಿ ಹಾಕ್ಯಾರ ನಿಮ್ಮ ಪಕ್ಷದವ್ರು. ಅದನ್ನ ಕಟ್ಟಾಕ ಕುಂತೇನಿ, ನಂಬರ್ ಹೇಳು."

"ಪೆಟ್ರೋಲಿನ ಮ್ಯಾಲ ಏರಿಸಿದವ್ರು ಯಾರಪಾ? ನಿಮ್ಮವ್ರ ಅಲ್ಲೇನು?" ಆ ಕಡೆಯ ದನಿ ನನಗೂ ಕೇಳಿಸಿತು.

ವಾದ ಮುಗಿಯುವಷ್ಟರಲ್ಲಿ ಓಟಿಪಿಯ ಅವಧಿಯೇ ಮುಗಿದಿತ್ತು. ಇನ್ನೊಂದು ಕಳಿಸಿದೆ. ಈ ಸಲ ಗೆಳೆಯರು ಆರೂ ಅಂಕಿಗಳನ್ನು ನಿಧಾನವಾಗಿ ಹೇಳಿದರು. ಆಮೇಲೆ, "ಬೀಪಿ ಗುಳಿಗಿ ತಗೊಂಡಿ ಇಲ್ಲೋ? ಮಳಿ ಐತಿ, ಆಟೋದಾಗ ಹೋಗು" ಎಂದರು.

ಮಾಸ್ತರು "ಹೂಂ" ಎಂದು ಗೋಡೆಯ ಕಡೆ ತಿರುಗಿದರು.

"ಮುಂದಿನ ವರ್ಷಕ್ಕ ನಿಮ್ಮ ನಂಬರ್ ಹಾಕಿಬಿಡ್ಲೇನ್ರಿ ಮಾಸ್ತರ?" ಎಂದೆ.

"ಬ್ಯಾಡ್ರಿ. ಇಷ್ಟು ವರ್ಷ ತೆರಿಗಿ ಕಟ್ಟಿದ್ದಕ್ಕ ಸರಕಾರ ನನಗ ಕೊಟ್ಟಿದ್ದು ಇದೊಂದ ಸವಲತ್ತು. ಇದನ್ನೂ ತಗೀಬ್ಯಾಡ್ರಿ."