ಅಡಿಕೆ ಕಟ್ಟಿ ಹದ ಮಾಡಿದ ರೀಲು

ನಾನು ಮೀನು ತಿನ್ನುವವನಲ್ಲ. ಬಸವಾಪಟ್ಟಣದಲ್ಲಿ ನಮ್ಮದು ಅಡಿಕೆ ಬೆಳೆಯುವ ಮನೆ, ವಿಭೂತಿ ಹಚ್ಚದೆ ಬೆಳಗಿನ ಕಾಫಿ ಕುಡಿಯುವವರಲ್ಲ. ಆದರೂ ನಲವತ್ತೈದು ದಾಟಿದ ಮೇಲೆ ನನಗೆ ಗಾಳದ ಹುಚ್ಚು ಹಿಡಿಯಿತು. ಯಾರೋ ಕೋಲು ಬೀಸಿ ಹೊಳೆಯ ಅರ್ಧದಷ್ಟು ದೂರ ದಾರ ಎಸೆಯುವುದನ್ನು ಫೋನಿನಲ್ಲಿ ನೋಡಿದ್ದೇ ತಡ, ಅಂಥದೇ ರೀಲು ತರಿಸಿಬಿಟ್ಟೆ. ಹಿಡಿದ ಮೀನನ್ನು ಹೊಳೆಗೇ ಬಿಡುತ್ತೇನೆ ಅಂದರೆ ಹೆಂಡತಿ, "ತಿನ್ನಾಕಲ್ಲ ಅಂದ್ಮೇಲೆ ಅದರ ಬಾಯಿ ಯಾಕ್ರೀ ಹರೀತೀರಿ?" ಅಂದಳು. ಅವಳ ಮಾತು ಸರಿ ಇತ್ತು, ಅದಕ್ಕೇ ರೇಗಿದೆ. ನನ್ನ ಬುದ್ಧಿಯೇ ಹಾಗೆ.

ಕೊನೆಗೆ ಅವಳೇ ಒಂದು ಕಟ್ಟಳೆ ಮಾಡಿದಳು. ಕೋಲು, ರೀಲು ಮನೆಯಲ್ಲಿರಬಹುದು. ಗಾಳ ಮತ್ತು ಮೀನನ್ನು ಸೆಳೆಯಲು ಅದಕ್ಕೆ ಕಟ್ಟುವ ಹುಸಿಮೀನು ಮಾತ್ರ ಅಂಗಳಕ್ಕೂ ಬರುವಂತಿಲ್ಲ. "ಪ್ಲಾಸ್ಟಿಕ್ಕಿಂದಾದ್ರೂ ಮೀನು ಮೀನೇ." ಹಾಗಾಗಿ ಹುಸಿಮೀನಿನ ಡಬ್ಬಿ ನನ್ನ ಗೆಳೆಯರೊಬ್ಬರ ಅಂಗಡಿಯಲ್ಲಿ ಇರುತ್ತಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಅವರದು ಹೊಲಿಗೆ ಯಂತ್ರ, ಗಡಿಯಾರ ರಿಪೇರಿ. ನನಗಿಂತ ಹದಿನೈದು ವರ್ಷ ದೊಡ್ಡವರು. ಭಾನುವಾರ ನನ್ನ ಬೈಕಿನ ಹಿಂದೆ ಕೂತು ಹೊನ್ನಾಳಿ ಹೊಳೆಗೆ ಬರುವುದು ಅವರಿಗೂ ಖುಷಿಯಾಗಿತ್ತು.

ಈ ರೀಲು ಭಾರಿ ಕಿರಿಕಿರಿಯದು. ಎಸೆದಾಗ ದಾರ ಸುತ್ತಿದ ಉರುಳೆಯೇ ತಿರುಗುತ್ತದೆ. ದಾರ ಹೋಗುವುದಕ್ಕಿಂತ ಉರುಳೆ ಜೋರಾಗಿ ತಿರುಗಿತೋ, ಮುಗೀತು ಕಥೆ, ಎಲ್ಲಾ ಗೋಜಲು. ಅದಕ್ಕೆ ಹಿಡಿಕೆಯ ಪಕ್ಕ ಒಂದು ತಿರುಪು ಇರುತ್ತದೆ. ದಾರದ ತುದಿಗೆ ಭಾರ ಕಟ್ಟಿ, ಉರುಳೆ ಬಿಡುವ ಗುಂಡಿ ಒತ್ತಿದರೆ ಅದು ನಿಧಾನವಾಗಿ ಇಳಿಯಬೇಕು, ನೆಲ ಮುಟ್ಟಿದೊಡನೆ ಉರುಳೆ ನಿಲ್ಲಬೇಕು. ಭಾರ ಬದಲಾದಾಗಲೆಲ್ಲ ಅಷ್ಟಕ್ಕೆ ತಿರುಪು ಹದ ಮಾಡಿಕೊಳ್ಳಬೇಕು. ಉಳಿದದ್ದು ಉರುಳೆಯನ್ನು ಒತ್ತಿ ತಡೆಯುವ ಹೆಬ್ಬೆರಳಿನ ಕೆಲಸ.

ಒಂದು ವಾರ ರೀಲು ಕರಕರ ಅನ್ನತೊಡಗಿತು. ಗೆಳೆಯರು ಅದನ್ನು ಪೂರ್ತಿ ಬಿಚ್ಚಿ, ಗಡಿಯಾರದ ಚಿಮಟದಲ್ಲಿ ಒಂದೊಂದೇ ಬೇರಿಂಗ್ ತೆಗೆದು ಒರೆಸಿ, ಹನಿ ಎಣ್ಣೆ ಬಿಟ್ಟು ಜೋಡಿಸಿಕೊಟ್ಟರು. ಬೆಣ್ಣೆಯಂತೆ ತಿರುಗುತ್ತಿತ್ತು. ನಾನು ಮನೆಗೆ ತಂದು ಕಣದಲ್ಲಿ ಅಭ್ಯಾಸಕ್ಕಿಳಿದೆ. ಹುಸಿಮೀನು ತರುವಂತಿಲ್ಲವಲ್ಲ, ಒಣಗಲು ಹಾಕಿದ್ದ ಅಡಿಕೆಯೊಂದನ್ನು ತೂತು ಕೊರೆದು ಕಟ್ಟಿದೆ. ಅಡಿಕೆ ಹಗುರ, ದೂರ ಹೋಗಲಿಲ್ಲ. ತಿರುಪು ಸಡಿಲ ಮಾಡಿದೆ, ಉರುಳೆಯ ವೇಗ ತಡೆಯುವ ಬ್ರೇಕನ್ನೂ ಸೊನ್ನೆಗೆ ತಂದೆ. ಸಂಜೆ ಹೊತ್ತಿಗೆ ಅಡಿಕೆ ಕಣ ದಾಟಿ ಬೇಲಿಗೆ ಬಡಿಯಿತು. ಭಲೇ ಅಂದುಕೊಂಡೆ.

ಆ ಭಾನುವಾರ ಹೊಳೆ ದಂಡೆಯಲ್ಲಿ ನ್ಯಾಮತಿ ಕಡೆಯ ಮೂವರು ಪರಿಚಯದವರು ಇದ್ದರು. ಅವರ ಮುಂದೆ ಜಂಬದಿಂದ ಅಡಿಕೆಯ ನಾಲ್ಕು ಪಟ್ಟು ತೂಕದ ಹುಸಿಮೀನು ಕಟ್ಟಿ ಬೀಸಿದೆ. ಉರುಳೆ ಕಿರ್ರೆಂದು ಸುತ್ತಿ ದಾರವೆಲ್ಲ ಉಬ್ಬಿ ಗೂಡಾಯಿತು. ಹುಸಿಮೀನು ಕಾಲಬುಡದಲ್ಲೇ ಬಿತ್ತು. ಮೂವರೂ ಬಿದ್ದು ಬಿದ್ದು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

"ಏನ್ ಜೋಡಿಸಿದ್ದೀರ್ರೀ ಇದನ್ನ?" ಎಂದು ಗೆಳೆಯರ ಮೇಲೆ ಹರಿಹಾಯ್ದೆ. "ಕೈ ನಡುಗೋ ವಯಸ್ಸಲ್ಲಿ ಇಂಥ ಸೂಕ್ಷ್ಮ ಕೆಲಸಕ್ಕೆ ಯಾಕ್ರೀ ಕೈ ಹಾಕಾಕೆ ಹೋಗ್ತೀರಿ?"

ಅವರ ಕೈ ನಡುಗುತ್ತಿರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಸುಮ್ಮನೆ ಬಾಯಿಗೆ ಬಂದದ್ದು. ಅವರು ತಮ್ಮ ಕೈಯನ್ನೇ ಒಮ್ಮೆ ನೋಡಿಕೊಂಡು, "ಎಲ್ಲೋ ತಪ್ಪಿರಬೇಕು ನಾನು, ಕೊಡ್ರಿ ಬಿಡಿಸ್ತೀನಿ" ಅಂದರು. ಅರ್ಧ ಗಂಟೆ ಮರಳಲ್ಲಿ ಕೂತು ಗೋಜಲು ಬಿಡಿಸಿ ಕೊಟ್ಟರು.

ರೀಲು ಕೈಗೆ ಬಂದಾಗ ಸುಮ್ಮನೆ ಗುಂಡಿ ಒತ್ತಿ ನೋಡಿದೆ. ಹುಸಿಮೀನು ದೊಪ್ಪನೆ ಬಿತ್ತು, ಉರುಳೆ ತಿರುಗುತ್ತಲೇ ಇತ್ತು. ಆಗ ಕಣದ ಅಡಿಕೆ ನೆನಪಾಯಿತು. ಅಯ್ಯೋ ಶಿವನೇ! ಹದ ಮಾಡಿದವನು ನಾನೇ, ಅದೂ ಅಡಿಕೆ ಕಟ್ಟಿ. ಗೆಳೆಯರು ಹತ್ತು ಹೆಜ್ಜೆ ದೂರದಲ್ಲಿ ಬೆನ್ನು ತಿರುಗಿಸಿ ಕೈ ತೊಳೆಯುತ್ತಿದ್ದರು. ಹೇಳಬಹುದಿತ್ತು. ಮೂವರು ನೋಡುತ್ತಿದ್ದರು. ನಾನು ಕಳ್ಳನಂತೆ ತಿರುಪು ಬಿಗಿಮಾಡಿ, ಬ್ರೇಕು ಏರಿಸಿ ಬೀಸಿದೆ. ಹುಸಿಮೀನು ಎಲ್ಲಿಗೋ ಹೋಗಿ ಬಿತ್ತು. ಮೂವರೂ ಚಪ್ಪಾಳೆ ತಟ್ಟಿದರು. ಗೆಳೆಯರೂ ತಟ್ಟಿದರು.

ಆಮೇಲೆ ಗೆಳೆಯರು ಹೊಳೆಗೆ ಬರಲಿಲ್ಲ. ಮಂಡಿ ನೋವು ಅಂದರು. ನಾನೂ ನಂಬಿದವನಂತೆ ಇದ್ದೆ. ಎದುರು ಸಿಕ್ಕರೆ ಹೇಳೋಣ ಅಂದುಕೊಳ್ಳುವುದು, ಸಿಕ್ಕಾಗ ಮಳೆ ಬೆಳೆ ಮಾತಾಡಿ ಬರುವುದು. ನಾಚಿಕೆಗೆಟ್ಟವನು ನಾನು.

ಐದಾರು ತಿಂಗಳಿಗೆ ಹೆಂಡತಿಯ ಹೊಲಿಗೆ ಯಂತ್ರ ಹೊತ್ತುಕೊಂಡು ಹೋದೆ. ಅಂಗಡಿಯಲ್ಲಿ ಗಡಿಯಾರಗಳಿರಲಿಲ್ಲ. ಕುಕ್ಕರ್, ಸ್ಟೌ, ಛತ್ರಿ ಇದ್ದವು. ಅವರು ಯಂತ್ರವನ್ನು ಮುಟ್ಟಲೇ ಇಲ್ಲ. "ಚನ್ನಗಿರಿಗೆ ತಗೊಂಡ್ಹೋಗ್ರಿ. ಸೂಕ್ಷ್ಮದ್ದು ನಾನೀಗ ಮಾಡಲ್ಲ. ಕೈ ಮೇಲೆ ನಂಬಿಕೆ ಇಲ್ಲ."

ಅಲ್ಲೇ ನಿಂತು ಎಲ್ಲ ಹೇಳಿದೆ. ಅಡಿಕೆ, ತಿರುಪು, ಹೊಳೆ ದಂಡೆಯಲ್ಲೇ ಗೊತ್ತಾದದ್ದು, ಗೊತ್ತಾಗಿಯೂ ಬಾಯಿ ಮುಚ್ಚಿಕೊಂಡಿದ್ದು. "ನಿಮ್ಮ ಕೈದು ಏನೂ ತಪ್ಪಿರಲಿಲ್ಲ ರೀ. ತಪ್ಪೆಲ್ಲ ನಂದೇ" ಎಂದೆ.

ಅವರು ಕೈಯಲ್ಲಿದ್ದ ಛತ್ರಿಯನ್ನು ಕೆಳಗಿಟ್ಟರು. "ಅವತ್ತೇ ಒಂದು ಮಾತು ಅಂದಿದ್ರೆ ಆಗ್ತಿತ್ತಲ್ರೀ" ಅಂದರು. ಆಮೇಲೆ ಮುಂದಿನ ತಟ್ಟೆಯಿಂದ ಒಂದು ಸಣ್ಣ ಸ್ಕ್ರೂ ಎತ್ತಿ ನನಗೆ ಕಾಣುವಂತೆ ಹಿಡಿದರು. ಬೆರಳುಗಳ ನಡುವೆ ಅದು ನಡುಗುತ್ತಿತ್ತು. ನಿಲ್ಲಿಸಲು ಇನ್ನೊಂದು ಕೈಯಿಂದ ಮಣಿಕಟ್ಟು ಹಿಡಿದುಕೊಂಡರು, ನಿಲ್ಲಲಿಲ್ಲ.

"ನೀವು ಹೇಳಿದ್ದು ನನಗೇನೋ ತಿಳೀತು" ಅಂದರು. "ಈ ಕೈಗೆ ಹೆಂಗೆ ತಿಳಿಸೋದು ಹೇಳ್ರಿ?"