ಹಾಸಿಗೆಯ ಇನ್ನೊಂದು ತುದಿ

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ಮಳವಳ್ಳಿಯಲ್ಲಿ ಆರೋಗ್ಯ ನಿರೀಕ್ಷಕನಾಗಿದ್ದೆ. ಹೆಸರಿಗೆ ಆರೋಗ್ಯ, ಕೆಲಸವೆಲ್ಲ ಕಸದ್ದು. ಹಸಿರು ಬಕೆಟ್ಟಿಗೆ ಹಸಿ ಕಸ, ನೀಲಿಗೆ ಒಣ ಕಸ. ಬೆಳಿಗ್ಗೆ ಹಾಡು ಹಾಕಿಕೊಂಡು ಕಸದ ಆಟೊ ಬಂದಾಗ ಮನೆಯವರೇ ತಂದು ಕೊಡಬೇಕು. ಹಾಸಿಗೆಯಂಥ ದೊಡ್ಡ ಸಾಮಾನೂ ಒಣ ಕಸವೇ. ಬೀದಿಗೆ ಹಾಕಿದರೆ ದಂಡ.

ಆ ಬೇಸಿಗೆಯಲ್ಲಿ ಒಂದು ದೂರು ಬಂತು. ಜಯಮ್ಮ ಎಂಬುವರ ಗೇಟಿನ ಮುಂದೆ ಹತ್ತಿಯ ಹಾಸಿಗೆ ಬಿದ್ದಿದೆ, ನಾಯಿಗಳು ಎಳೆದಾಡುತ್ತಿವೆ ಎಂದು. ಹೋಗಿ ನೋಡಿದೆ. ಲಕ್ವ ಹೊಡೆದು ಬಹಳ ಕಾಲ ಮಲಗಿದ್ದ ಆಕೆಯ ಗಂಡ ಈಚೆಗೆ ತೀರಿಕೊಂಡಿದ್ದರು. ಸತ್ತವರ ಹಾಸಿಗೆ ಮನೆಯೊಳಗೆ ಇರಬಾರದು. ಆಕೆಯ ತವರು ವೈದ್ಯನಾಥಪುರದಲ್ಲಾದರೆ ಊರಾಚೆ ಹಾಕಿ ಬರುತ್ತಿದ್ದರಂತೆ. ಮರುದಿನವೇ ಕಾರ್ಯ. ಹಾಸಿಗೆ ಅಲ್ಲಿದ್ದರೆ ಅದನ್ನು ದಾಟಿ ಒಳಗೆ ಬರುವುದಿಲ್ಲವೆಂದು ಗಂಡನ ಕಡೆಯವರು ಹೇಳಿ ಕಳಿಸಿದ್ದರು.

ನಾನು ಕರೆಸಿದ ಆಟೊ ಚಾಲಕ ಮಾದೇವನಿಗೆ ಅದನ್ನು ಮುಟ್ಟಲು ಇಷ್ಟವಿರಲಿಲ್ಲ. ಅವನ ಗಾಡಿಯ ಗಾಜಿಗೆ ದೇವರ ಪಟವಿತ್ತು. ದಿನವೂ ಎಲ್ಲರನ್ನೂ ಕೇಳುವುದನ್ನೇ ಕೇಳಿದ.

"ಅಸೀನಾ ಒಣಾನಾ ಯೋಳ್ಬುಡು ಕಣಮ್ಮ. ಎರಡೂ ಅಲ್ದೇ ಇರೋದ ನಾನ್ ಒಯ್ಯಾಕಿಲ್ಲ."

ಜಯಮ್ಮ ಹಾಸಿಗೆಯನ್ನೇ ನೋಡುತ್ತಿದ್ದರು. "ಅವ್ರು ಇರೋಗಂಟ ಅಸಿ ಕಣಪ್ಪ. ದಿನಾ ಬಿಸ್ಲಿಗಾಕಿ ಒಣಗುಸ್ತಿದ್ದೆ. ಈಗ ಒಣ."

ಮಾದೇವ ಗಾಡಿಯ ಹಿಂಬಾಗಿಲು ತೆಗೆದ. ಆಮೇಲೆ, ಮನೆಯವರೇ ಎತ್ತಿ ಹಾಕಿದರೆ ಒಯ್ಯುತ್ತೇನೆ, ತಾನು ಮಾತ್ರ ಮುಟ್ಟುವುದಿಲ್ಲ ಎಂದ. ಮನೆಯಲ್ಲಿ ಆಕೆ ಒಬ್ಬರೇ. ನೆರೆಯವರು ತಮ್ಮ ತಮ್ಮ ಬಾಗಿಲಲ್ಲಿ ನಿಂತಿದ್ದರು. ಜಯಮ್ಮ ಒಂದು ತುದಿ ಹಿಡಿದು ನನ್ನ ಕಡೆ ನೋಡಿದರು. ನಾನು ಇನ್ನೊಂದು ತುದಿ ಹಿಡಿದೆ. ಹತ್ತಿ ಹಾಸಿಗೆ ಅಷ್ಟು ಭಾರವಿರುತ್ತದೆಂದು ಗೊತ್ತಿರಲಿಲ್ಲ.

ಮನೆಗೆ ಬಂದು, ಒಳಗೆ ಹೋಗದೆ ಹಿತ್ತಲಲ್ಲೇ ಸ್ನಾನ ಮಾಡಿದೆ. ನನ್ನ ಹೆಂಡತಿ ನೀರು ಕಾಯಿಸಿ ತಂದು ಕೊಟ್ಟಳು. "ಯಾರಾರ ಇಡೀಬೇಕಲ್ಲ, ಬುಡಿ," ಎಂದಳು.

ಅಂದಿನಿಂದ ಸಾವಾದ ಮನೆಗೆ ಸುತ್ತಿನ ಕೊನೆಯಲ್ಲಿ, ಗಾಡಿಯ ಹಾಡು ನಿಲ್ಲಿಸಿ ಹೋಗಬೇಕೆಂದು ಚಾಲಕರಿಗೆ ಹೇಳಿದೆ.

ನಿವೃತ್ತನಾಗಿ ಈ ಊರಲ್ಲೇ ಉಳಿದೆ. ಕಳೆದ ವರ್ಷ ನನ್ನ ಹೆಂಡತಿ ಹೋದಳು. ಅವಳ ಹಾಸಿಗೆಯನ್ನು ಜಗಲಿಯವರೆಗೆ ಎಳೆದು ತಂದಿದ್ದೆ, ಅಲ್ಲಿಂದಾಚೆಗೆ ಆಗಲಿಲ್ಲ. ಗಾಡಿ ಹಾಡಿಲ್ಲದೆ ಬಂದು ನಿಂತಿತು. ಗಾಜಿನ ಮೇಲೆ ಅದೇ ಪಟ. ಮಾದೇವ ಇಳಿದು ಬಂದ. ಹಸಿಯೋ ಒಣವೋ ಎಂದು ಕೇಳಲಿಲ್ಲ.

"ಆ ಕಡೆ ನೀವ್ ಇಡ್ಕಳಿ ಸಾರ್. ಈ ಕಡೆ ನಾನ್ ಇಡ್ಕತೀನಿ."

ಹಾಸಿಗೆ ಒಣ ಕಸ ಎಂದು ನಿಯಮದಲ್ಲಿದೆ. ಎತ್ತಲು ಇಬ್ಬರು ಬೇಕು ಎಂಬುದು ಅದರಲ್ಲಿಲ್ಲ. ಅದನ್ನು ನನಗೆ ಕೆಲಸ ಕಲಿಸಿತು.