ಮಂಜಿನಲ್ಲಿ ಕಂಡ ನೀರಿನ ಟ್ಯಾಂಕು

ವಿಮಾನ ನಿಲ್ದಾಣದಲ್ಲಿ ಆಕೆಯನ್ನು ಎಲ್ಲರೂ ಮೋಡದಕ್ಕ ಎನ್ನುತ್ತಿದ್ದರು. ಹವಾಮಾನ ಕಚೇರಿಯ ತಾರಸಿ ಹತ್ತಿ, ಎಷ್ಟು ದೂರದವರೆಗೆ ಕಣ್ಣಿಗೆ ಕಾಣುತ್ತದೆಂದು ಗಂಟೆಗೊಮ್ಮೆ ಬರೆಯುವುದು ಆಕೆಯ ಇಪ್ಪತ್ತಾರು ವರ್ಷದ ಕೆಲಸ. ಅದಕ್ಕೆ ಗುರುತುಗಳಿದ್ದವು. ಬೇಲಿಯ ಕಂಬ ಕಂಡರೆ ಮುನ್ನೂರು ಮೀಟರು, ನೀರಿನ ಟ್ಯಾಂಕು ಕಂಡರೆ ಎಂಟುನೂರು.

"ಆ ಟ್ಯಾಂಕನ್ನ ನೋಡಿದಷ್ಟು ನನ್ನ ಮುಖ ನೋಡಿದ್ದೀಯಾ?" ಎಂದು ಗಂಡ ಕೆಣಕುತ್ತಿದ್ದ.

"ಅದು ಗೊರಕೆ ಹೊಡೆಯಲ್ಲ ಕಣ್ರೀ."

ಆ ಬೆಳಿಗ್ಗೆ ದಟ್ಟ ಮಂಜು. ಕನ್ನಡಕ ಒರೆಸಿಕೊಂಡು ನೋಡಿದಳು, ಟ್ಯಾಂಕು ಮಸುಕಾಗಿ ಕಂಡಂತಾಯಿತು. ಎಂಟುನೂರು ಎಂದು ಬರೆದು, ವಿಮಾನ ಇಳಿಸಲು ಅಪ್ಪಣೆ ಕೊಡುವ ಕೋಣೆಗೆ ಕಳಿಸಿದಳು. ಅದನ್ನು ನಂಬಿ ಹತ್ತು ನಿಮಿಷದಲ್ಲಿ ಇಳಿದ ಸಣ್ಣ ಸರಕು ವಿಮಾನ ರನ್‌ವೇ ಬಿಟ್ಟು ಚರಂಡಿಗೆ ಮೂತಿ ಹೂತಿತು. ದೇವರು ದೊಡ್ಡವನು, ಪೈಲಟ್‌ನ ಕಾಲು ಮುರಿದರೂ ಜೀವ ಉಳಿಯಿತು. ಸದ್ದಿಗೆ ಮತ್ತೆ ತಾರಸಿಗೆ ಓಡಿದವಳಿಗೆ ಬೇಲಿಯ ಕಂಬವೇ ಕಾಣಲಿಲ್ಲ. ಟ್ಯಾಂಕನ್ನು ತೋರಿಸಿದ್ದು ಕಣ್ಣಲ್ಲ, ರೂಢಿ ಎಂದು ಆಗ ತಿಳಿಯಿತು.

ವಿಚಾರಣೆಗೆ ಮುಂಚೆ ಮೇಲಧಿಕಾರಿ ಪಕ್ಕಕ್ಕೆ ಕರೆದರು. "ಅಕ್ಕಾ, ಮಂಜು ಗಳಿಗೆಗೊಂದು ಥರ. ಬರೆದಾಗ ಕಂಡಿತ್ತು ಅಂದುಬಿಡಿ. ಇಲ್ಲಾಂದ್ರೆ ತಾರಸಿ ಕೆಲಸ ಹೋಗುತ್ತೆ."

"ಹಾಗಂದ್ರೆ ತಪ್ಪೆಲ್ಲ ಆ ಪೈಲಟ್ ತಲೆಗೇ ಬರುತ್ತಲ್ವಾ ಸರ್?"

ಅವರು ಮೇಜಿನ ಮೇಲಿದ್ದ ಪೆನ್ನನ್ನು ಆಚೀಚೆ ಸರಿಸಿದರು.

ವಾರವಿಡೀ ಪ್ರಾರ್ಥನೆಗೆ ಕೂತರೆ ಬಾಯಲ್ಲಿ ಮಾತೇ ಬಾರದು. ವಿಚಾರಣೆಯ ದಿನ ಗಾಲಿಕುರ್ಚಿಯಲ್ಲಿದ್ದ ಪೈಲಟ್‌ನನ್ನು ಒಮ್ಮೆ ನೋಡಿ, ಎದ್ದು ನಿಂತಳು.

"ಟ್ಯಾಂಕು ನನಗೆ ಕಾಣಲಿಲ್ಲ. ಅಲ್ಲಿದೆ ಅಂತ ಗೊತ್ತಿತ್ತು. ಗೊತ್ತಿದ್ದದ್ದನ್ನೇ ಕಂಡೆ ಅಂತ ಬರೆದೆ."

ಪೈಲಟ್ ಕೈ ಎತ್ತಿದ.

"ಈ ಅಮ್ಮನೇ ಇಷ್ಟು ಹೇಳಿದ ಮೇಲೆ ನಾನೂ ಹೇಳ್ತೀನಿ. ಅಷ್ಟು ಕೆಳಗೆ ಬಂದ್ರೂ ರನ್‌ವೇ ದೀಪ ಕಾಣಲಿಲ್ಲ. ತಿರುಗಿ ಮೇಲಕ್ಕೆ ಏರಬೇಕಿತ್ತು. ಈಗ ಕಂಡೀತು, ಆಗ ಕಂಡೀತು ಅಂತ ಇಳಿಸಿಬಿಟ್ಟೆ."

ಅವನಿಗೆ ಒಂದು ವರ್ಷ ಹಾರಾಟವಿಲ್ಲ ಎಂದಾಯಿತು. ಆಕೆಗೆ ತಾರಸಿ ತಪ್ಪಿ, ಕೆಳಗಿನ ಕಡತದ ಕೋಣೆ ಬಂತು. ಹೊರಗೆ ಬಂದಾಗ ಗಾಲಿಕುರ್ಚಿ ತಳ್ಳಲು ಯಾರೂ ಇರಲಿಲ್ಲ. ಮೋಡದಕ್ಕನೇ ಹಿಡಿಕೆ ಹಿಡಿದಳು. ಮುಂದೆ ಇಳಿಜಾರು.

"ಮೆಲ್ಲಗೆ ಅಮ್ಮಾ. ನೀವಾದ್ರೂ ನೆಟ್ಟಗೆ ಇಳಿಸಿ," ಎಂದ ಅವನು.

ಆಕೆಗೆ ನಗು ಬಂತು, ಕಣ್ಣೂ ತುಂಬಿತು. ಕುರ್ಚಿಯನ್ನು ಅಲ್ಲೇ ನಿಲ್ಲಿಸಿ ಕಣ್ಣೊರೆಸಿಕೊಂಡು, ನೆಲ ಸರಿಯಾಗಿ ಕಂಡ ಮೇಲೆಯೇ ಹೆಜ್ಜೆ ಇಟ್ಟಳು.